ಎತ್ತಿದ ಕೈ

ಆಲ್ಪ್ಸ್ ಕಣಿವೆಯ ಚೌಕದಲ್ಲಿ ವರ್ಷಕ್ಕೊಮ್ಮೆ ಸಭೆ.
ಹಿಮ ಇನ್ನೂ ಕರಗಿಲ್ಲ,
ಕೈಗಳೆಲ್ಲ ಜೇಬಿನಲ್ಲಿ ಬೆಚ್ಚಗೆ.

‘ಮೇಲಿನ ಕೇರಿಯ ಬಸ್ಸು ರದ್ದು. ಒಪ್ಪುವವರು?’

ಚೀಸ್ ಮಾರುವ ರೆಟೊ ಎತ್ತಿದ.
ಅವನ ಅಂಗಡಿಯಲ್ಲಿ ಬಾಕಿಯಿದ್ದವರು ಎತ್ತಿದರು,
ಅವರ ಪಕ್ಕದವರು,
ಪಕ್ಕದವರನ್ನು ಓರೆಗಣ್ಣಲ್ಲಿ ನೋಡಿದವರು.
ನನ್ನದೂ ಮೇಲಿತ್ತು.
ಯಾವಾಗ ಹೋಯಿತೋ, ನನ್ನನ್ನು ಕೇಳಲಿಲ್ಲ.

ಎಣಿಸುವ ಗೋಜೇ ಇಲ್ಲ ಎಂದರು ಅಧ್ಯಕ್ಷರು.

ತಿರುಗಿ ನೋಡಿದೆ:
ಮೇಲಿನ ಕೇರಿಯ ಮುದುಕಿ ಅನ್ನೆಲೀಸ್
ಊರುಗೋಲು ಕಂಕುಳಿಗೆ ಸಿಕ್ಕಿಸಿ
ಎತ್ತಿದ್ದಳು, ಎಲ್ಲರಿಗಿಂತ ಎತ್ತರಕ್ಕೆ.

ಸಂಜೆ ಪಡಖಾನೆಯಲ್ಲಿ
ಒಬ್ಬೊಬ್ಬರೂ ಲೋಟದೊಳಗೇ ಗೊಣಗಿದರು:
ನನಗೇನೂ ಮನಸ್ಸಿರಲಿಲ್ಲ, ಮಾರಾಯ.

ಹೊರಗೆ ಕೊನೆಯ ಬಸ್ಸು.
ಕಿಟಕಿಯಿಂದ ಅವಳು ಕೈ ಬೀಸಿದಳು.
ಬಾಗಿಲಲ್ಲಿ ನಿಂತ ನಾವು,
ಯಾರಾದರೂ ಮೊದಲು ಬೀಸಲಿ ಎಂದು
ಕಾದೆವು.