ಅಂಗಾತ

ಜೂನ್ ಒಂದಕ್ಕೆ ಬೋಟು ದಡಕ್ಕೆ.
ಬೈತಖೋಲದ ಮರಳಲ್ಲಿ ಪಾತಿದೋಣಿಯನ್ನೂ
ಆರು ಮಂದಿ ಸೇರಿ ಬೋರಲು ಹಾಕಿದೆವು,
ಮೇಲೆ ಮಡಲು, ಮಡಲ ಮೇಲೆ ನೀಲಿ ತಾಡಪತ್ರಿ.
ಮಳೆಗಾಲದಲ್ಲಿ ದೋಣಿ ಮಲಗುವುದು ಹಾಗೆ,
ಬಾಯಿ ಮರಳಿಗೆ, ಬೆನ್ನು ಆಕಾಶಕ್ಕೆ.

ಹನ್ನೊಂದಕ್ಕೆ ಮಗಳು ಹುಟ್ಟಿದಳು.

ದೊಡ್ಡಾಸ್ಪತ್ರೆಯಲ್ಲಿ ಸಿಸ್ಟರ್ ಎವಿಟಾ
ಮಗುವನ್ನು ನನ್ನ ಕೈಗಿಡುವ ಮೊದಲು ಕೇಳಿದರು:
ಮನೆಯಲ್ಲಿ ಎಲ್ಲಿ ಮಲಗಿಸುತ್ತೀರಿ?
ಆಯಿ ಜೋಳಿಗೆ ಕಟ್ಟಿದ್ದಾಳೆ, ಅಂದೆ,
ತನ್ನ ಮದುವೆ ಸೀರೆಯದು,
ಒಳಗೆ ಸಾಸಿವೆ ದಿಂಬು, ತಲೆ ದುಂಡಗಾಗಲಿ ಅಂತ.
ಅವರು ಬೈಯಲಿಲ್ಲ.
ಹಾಸಿಗೆಯ ಮೇಲಿನ ದಿಂಬು ತೆಗೆದರು, ಶಾಲು ತೆಗೆದರು,
ಯಾರೋ ತಂದಿದ್ದ ಗುಲಾಬಿ ಕರಡಿಯನ್ನೂ ತೆಗೆದು
ಖಾಲಿ ಜಾಗವನ್ನು ಅಂಗೈಯಿಂದ ಒತ್ತಿ ತೋರಿಸಿದರು.
ಇಷ್ಟು ಗಟ್ಟಿ, ಇಷ್ಟು ಸಪಾಟು. ಅಂಗಾತ.
ಹಗಲಿಗೂ ಅಂಗಾತ, ರಾತ್ರಿಗೂ.
ನೀವು ಪಕ್ಕದಲ್ಲಿರಿ, ಅದೇ ಹಾಸಿಗೆಯಲ್ಲಿ ಬೇಡ.
ಬೀಡಿ ಸೇದುತ್ತೀರಾ?
ಇಲ್ಲ ಅಂದೆ. ಅವರು ನನ್ನ ಬೆರಳ ತುದಿ ನೋಡಿದರು.

ಆಯಿಗೆ ಸಿಟ್ಟು.
ಅಂಗಾತ ಹಾಕಿದ್ರೆ ಬೆಚ್ಚಿ ಬೀಳ್ತದೆ,
ಬೋರಲು ಹಾಕು, ಹೊಟ್ಟೆಗಾಳಿ ಹೋಗ್ತದೆ,
ನಿಮ್ಮನ್ನೆಲ್ಲ ಸಾಕಿದ್ದು ಹಾಗೇ,
ಐವರನ್ನೂ.

ನಾವು ನಾಲ್ವರು.

ಸುಜಲಾ ಹಾಲೂಡುತ್ತಿದ್ದವಳು ತಲೆಯೆತ್ತಿದಳು.
ಲೆಕ್ಕ ತಪ್ಪುತ್ತದೆ ಇವಳಿಗೆ ಎಂದೇ ಅಂದುಕೊಂಡಿದ್ದೆ ಇಷ್ಟು ವರ್ಷ,
ಬುಟ್ಟಿಯಲ್ಲಿ ಒಂದು ಬಂಗಡೆ ಕಮ್ಮಿಯಾದರೂ
ಮುಟ್ಟದೆ ಹೇಳುವ ಹೆಂಗಸಿಗೆ.

ರಾತ್ರಿಯ ಪಾಳಿ ನನ್ನದು.
ಎಂಟು ವರ್ಷ ಸುಕಾಣು ಹಿಡಿದು ಕೂತವ,
ನಿದ್ದೆ ತಡೆಯುವುದು ಬರುತ್ತದೆ.
ಅಲ್ಲಿ ಎಂಜಿನ್ನಿನ ಸದ್ದು ಬದಲಾದರೆ ಎಚ್ಚರ,
ಇಲ್ಲಿ ಸದ್ದೇ ಇಲ್ಲ.
ಎರಡೂ ಕೈ ಕಿವಿಯ ಪಕ್ಕಕ್ಕೆತ್ತಿ
ಪೊಲೀಸರಿಗೆ ಶರಣಾದವಳಂತೆ ಮಲಗಿರುತ್ತಾಳೆ.
ಎದೆ ಒಂದು ಪಾಪ್ಲೆಟಿನಷ್ಟು ಅಗಲ.
ಉಸಿರು ನಾಲ್ಕು ಸಲ ಓಡುತ್ತದೆ, ನಿಲ್ಲುತ್ತದೆ,
ನಾನು ಬಾಗುತ್ತೇನೆ,
ದೇವಗಡದ ದೀಪ ಕಿಟಕಿಗೆ ಬಂದು ಹೋಗುತ್ತದೆ,
ಮತ್ತೆ ಓಡುತ್ತದೆ.
ಎಳೆಗೂಸಿನ ಉಸಿರು ಹಾಗೇ, ಅಂದಿದ್ದಳು ಆಶಾ ಕಾರ್ಯಕರ್ತೆ.
ಅದು ನಿಂತ ಹೊತ್ತಿನಲ್ಲಿ ಬಂದು ಹೇಳಲಿ.

ಒಂದು ರಾತ್ರಿ ಮೂರರ ಸುಮಾರಿಗೆ ನನ್ನ ಕಣ್ಣು ಹತ್ತಿತು.
ಎಚ್ಚರಾದಾಗ ಆಯಿ ಕೂತಿದ್ದಳು ಚಾಪೆಯ ಪಕ್ಕ,
ಒದ್ದೆ ಮಾಡಿದ ಬೆರಳನ್ನು ಮಗುವಿನ ಮೂಗಿನ ಹತ್ತಿರ ಹಿಡಿದು,
ಗಾಳಿ ಯಾವ ಕಡೆಯದೆಂದು ನೋಡಲು ಹಿಡಿಯುತ್ತೇವಲ್ಲ, ಹಾಗೆ.
ನನ್ನ ಕಡೆ ತಿರುಗಲಿಲ್ಲ.
ಅವನೂ ಮಳೆಗಾಲದವನೇ, ಅಂದಳು.
ಮಾರನೇ ದಿನ ಹೆಸರಿಡುವುದಿತ್ತು.

ಯಾಕೆ ಹೋದ ಎಂದು ಯಾರಿಗೂ ತಿಳಿಯಲಿಲ್ಲವಂತೆ.
ಹೇಗೆ ಮಲಗಿಸಿದ್ದೆ ಎಂಬ ಪ್ರಶ್ನೆ ಗಂಟಲಿಗೆ ಬಂತು,
ಮೀನಿನ ಮುಳ್ಳಿಗೆ ಒಣ ಅನ್ನ ನುಂಗುತ್ತಾರೆ.
ನಾನು ಉಗುಳನ್ನೇ ನುಂಗಿದೆ.

ಬೆಳಿಗ್ಗೆ ಅಡುಗೆಮನೆಯಲ್ಲಿ ಕತ್ತರಿಯ ಸದ್ದು.
ದಿಂಬಿನ ಹೊಲಿಗೆ ಬಿಚ್ಚಿ
ಸಾಸಿವೆಯನ್ನೆಲ್ಲ ಡಬ್ಬಿಗೆ ಸುರಿಯುತ್ತಿದ್ದಳು.
ದೀಪಾವಳಿ ತನಕ ಒಗ್ಗರಣೆಗಾಯ್ತು, ಅಂದಳು.
ಜೋಳಿಗೆಯ ಸೀರೆ ತೊಳೆದು ಹರವಿದಳು,
ಆ ಮಳೆಯಲ್ಲಿ ಎಲ್ಲಿ ಒಣಗೀತು, ವಾರವಿಡೀ ಹಸಿ ಹಸಿ.

ನಾಳೆ ಅಗಸ್ಟ್ ಒಂದು, ಬೋಟು ಹೊರಡುತ್ತದೆ.
ಇವತ್ತು ದೋಣಿ ಮಗುಚಿದೆವು, ಅದೇ ಆರು ಮಂದಿ.
ಕೆಳಗೆ ನಾಲ್ಕಾರು ಏಡಿ, ಯಾರದೋ ಚಪ್ಪಲಿ,
ಎರಡು ತಿಂಗಳ ಕತ್ತಲೆಯ ವಾಸನೆ.
ನೀರಿಗೆಳೆದಾಗ ಬಾಯಿ ಮೇಲಾಗಿ ಅಲುಗಿತು,
ಹಗುರಾಗಿ, ತನ್ನಷ್ಟಕ್ಕೆ.

ಮನೆಗೆ ಬಂದು ಆಯಿಗೆ ಪಾಳಿ ಒಪ್ಪಿಸಿದೆ:
ನಾಲ್ಕು ಸಲ ಓಡ್ತದೆ, ಆಮೇಲೆ ನಿಲ್ತದೆ, ಹೆದರಬೇಡ.
ನಂಗೆ ಹೇಳ್ತೀಯಾ, ಅಂದಳು,
ಚಳಿಯಾದೀತೆಂದು ಹಚ್ಚಡ ಎಳೆಯಹೋದ
ನನ್ನ ಕೈಗೊಂದು ಬಿಟ್ಟು.