ಖಾಲಿ ತೂಕ

ಮೊದಲು ಖಾಲಿ ಲಾರಿ ತೂಗಬೇಕು.
ಇದನ್ನು ನನಗೆ ಹೇಳಿಕೊಟ್ಟವರು ಎರ್ರಿಸ್ವಾಮಿ,
ನಾಲ್ಕನೇ ನಂಬರಿನ ವೇಬ್ರಿಜ್ಜಿನ ಗುಮಾಸ್ತರು,
ನಾನು ಕಾರ್ಖಾನೆಗೆ ಟ್ರೈನಿ ಆಗಿ ಬಂದ ವಾರ,
ಕುಡತಿನಿ ದಾಟಿದ ಮೇಲಿನ ಕೆಂಧೂಳಿನಲ್ಲಿ
ಬಿಳಿ ದುಪಟ್ಟಾ ಸಂಜೆಯೊಳಗೆ ಇಟ್ಟಿಗೆಯಾದ ದಿನ.
"ತುಂಬಿದ ಮ್ಯಾಲೆ ಯಾರ್ ಬೇಕಾದ್ರೂ ತೂಗ್ತಾರವ್ವ.
ಖಾಲಿ ಎಷ್ಟಿತ್ತು ಅಂತ ಬರಕೊಂಡಾನ ಹತ್ರ ಲೆಕ್ಕ ಇರತೈತಿ."

ಅದಾಗಿ ಇಪ್ಪತ್ತೆರಡು ವರ್ಷ.
ಸೇರಿದ ದಿನದ ಅರ್ಜಿಯಲ್ಲಿ ಅಡ್ಡಹೆಸರಿನ ಖಾನೆ,
ಪಕ್ಕದಲ್ಲೊಂದು ಕೆಂಪು ಚುಕ್ಕೆ: ತುಂಬದೆ ಮುಂದೆ ಹೋಗುವಂತಿಲ್ಲ.
ನಮ್ಮಲ್ಲಿ ಹೆಸರಿನ ಮುಂದೆ ಊರಿರುತ್ತದೆ, ಅಪ್ಪ ಇರುತ್ತಾನೆ,
ಹಿಂದೆ ಯಾರೂ ಇರುವುದಿಲ್ಲ.
ಹೊನ್ನೂರಮ್ಮ ಎಂದು ಎರಡು ಸಲ ಬರೆದೆ.
ಮುಂಬೈಯ ಕಡತಗಳಲ್ಲಿ ಇಂದಿಗೂ ನಾನು
ಹೊನ್ನೂರಮ್ಮ ಹೊನ್ನೂರಮ್ಮ,
ಯಾರೋ ಬಾಗಿಲಲ್ಲಿ ನಿಂತು ಕೂಗಿದ ಹಾಗೆ.
ಆ ತಂತ್ರಾಂಶ ನನ್ನ ಕೈಗೆ ಬಂದ ವರ್ಷ
ಮೊದಲು ಅಳಿಸಿದ್ದು ಆ ಚುಕ್ಕೆ.
ನನ್ನ ಸಾಧನೆಗಳ ಪಟ್ಟಿಯಲ್ಲಿ ಅದಿಲ್ಲ.

ಸರ್ವರುಗಳಿಗೆ ತಣ್ಣನೆಯ ಕೋಣೆ, ಎರಡು ಏಸಿ,
ಒಂದು ಕೆಟ್ಟರೆ ಇನ್ನೊಂದು.
ಹೆಂಗಸರ ಶೌಚಾಲಯ ಆಡಳಿತ ಕಟ್ಟಡದಲ್ಲಿ, ಒಂದೂವರೆ ಕಿಲೋಮೀಟರು.
ಬಳ್ಳಾರಿಯ ಮೇ ತಿಂಗಳಲ್ಲಿ
ನೀರನ್ನೂ ಲೆಕ್ಕ ಹಾಕಿ ಕುಡಿದೆ.
ಕೌಲ್ ಬಜಾರಿನ ಮನೆಯಲ್ಲಿ ಅವ್ವ
ಜೀನ್ಸ್ ಪ್ಯಾಂಟುಗಳಿಗೆ ಬೆಲ್ಟಿನ ಪಟ್ಟಿ ಹೊಲಿಯುತ್ತಿದ್ದಳು,
ನೂರಕ್ಕೆ ಇಷ್ಟು ಎಂದು. ಗೋಡೆಯ ಮೇಲೆ ಸೀಮೆಸುಣ್ಣದ ಗೀಟು.
"ನೀ ಅಲ್ಲಿ ಏನ್ ಹೊಲಿತಿ?" ಒಮ್ಮೆ ಕೇಳಿದಳು.
ಗೀಟು ಎಳಿತೀನಿ, ಅಂದೆ.
"ತಪ್ಪಬಾರದು ನೋಡು, ಅಷ್ಟ."

ಮೊನ್ನೆ ರಾತ್ರಿ ಹನ್ನೆರಡಕ್ಕೆ
ನಾಲ್ಕೂ ವೇಬ್ರಿಜ್ ಹೊಸ ವ್ಯವಸ್ಥೆಗೆ ಹೊರಳಬೇಕಿತ್ತು.
ಕ್ಯಾಮೆರಾ ನಂಬರ್ ಓದುತ್ತದೆ, ಚೀಟಿ ತಾನೇ ಹುಟ್ಟುತ್ತದೆ,
ಕ್ಯಾಬಿನ್ನಿನಲ್ಲಿ ಮನುಷ್ಯ ಬೇಕಿಲ್ಲ.
ಹನ್ನೊಂದು ಹೆಸರುಗಳ ಪಟ್ಟಿಗೆ ಸಹಿ ಹಾಕಿದವಳು ನಾನೇ.
ಏಳನೆಯದು ಎರ್ರಿಸ್ವಾಮಿ.
ಮಂಡಕ್ಕಿ ಒಗ್ಗರಣೆಯ ಪೊಟ್ಟಣ ಬಿಚ್ಚಿಟ್ಟುಕೊಂಡು
ಪರದೆ ನೋಡುತ್ತ ಕೂತಿದ್ದರು, ನನ್ನತ್ತ ಒಂದು ಮಿರ್ಚಿ ಸರಿಸಿ.
ಪಟ್ಟಿಯ ವಿಷಯ ಅವರಿಗೆ ಗೊತ್ತಿತ್ತು.
ಗೊತ್ತಿದೆಯೆಂದು ನನಗೂ ಗೊತ್ತಿತ್ತು.
ಇಬ್ಬರೂ ಖಾರದ ಬಗ್ಗೆ ಮಾತಾಡಿದೆವು.

ಒಂದೂ ಮುಕ್ಕಾಲಿಗೆ ಹದಿನೇಳನೇ ಲಾರಿ.
"ಮೇಡಂ, ಇದರ ಖಾಲಿ ತೂಕ ಹಳೇದು ತೋರಸಾಕತ್ತೈತಿ.
ಹ್ವಾದ ತಿಂಗಳ ಈತ ದೊಡ್ಡ ಟ್ಯಾಂಕ್ ಕಟ್ಟಿಸ್ಯಾನ.
ನಿಮ್ಮ ಮಷೀನು ನೆನಪಿಟ್ಟೈತಿ. ನೋಡಿಲ್ಲ."
ಜೇಬಿನಿಂದ ನೋಟ್‌ಬುಕ್ ತೆಗೆದರು,
ಮೂಲೆಗಳು ಸವೆದು ಅಂಟಂಟಾದದ್ದು.
ನೂರ ನಲವತ್ತು ಲಾರಿ, ಪೆನ್ಸಿಲ್ ಅಂಕಿ.
ಮೂವತ್ತೊಂದು ಕಡೆ ಅವರದೂ ನಮ್ಮದೂ ಬೇರೆ.

ಫೋನಿನ ಆ ತುದಿಯಲ್ಲಿ ಒಂಬತ್ತು ಜನ, ಮೂರು ಊರು.
ಒಟ್ಟು ಟನ್ನಿನಲ್ಲಿ ಅದೇನೂ ಅಲ್ಲ, ಅಂದರು. ಮುಂದುವರಿಯೋಣ, ಅಂದರು.
ಹಿಂದಕ್ಕೆ ತಿರುಗಿಸಿ, ಅಂದೆ.
ಯಾರೋ ಮ್ಯೂಟ್ ಮರೆತು ಉಸಿರು ಬಿಟ್ಟರು.
ಹಿಂದಕ್ಕೆ.
ನನ್ನ ಹೆಸರಿನಲ್ಲೇ ಬರೆದುಕೊಳ್ಳಿ,
ಬೇಕಾದರೆ ಎರಡು ಸಲ.

ಆರು ವಾರ ಮುಂದಕ್ಕೆ ಹೋಯಿತು, ಅಷ್ಟೇ.
ಪಟ್ಟಿಯನ್ನೇನೂ ನಾನು ಹರಿಯಲಿಲ್ಲ.
ಮೇಜಿನ ಡ್ರಾಯರಿನಲ್ಲಿದೆ,
ಏಳನೆಯ ಹೆಸರು ಏಳನೆಯದಾಗಿಯೇ.
ಕರುಣೆ ಎನ್ನಬೇಡಿ ಇದನ್ನು. ತೂಕ ತಪ್ಪಿತ್ತು.

ಆ ರಾತ್ರಿಯೇ, ನಾಲ್ಕಕ್ಕೆ, ಸಾಲು ಕರಗಿದ ಮೇಲೆ
ಲ್ಯಾಪ್‌ಟಾಪ್ ಚೀಲ ಹೆಗಲಲ್ಲಿರುವಂತೆಯೇ
ಆ ಉಕ್ಕಿನ ಹಲಗೆಯ ಮೇಲೆ ನಡೆದೆ.
ಇಪ್ಪತ್ತು ಕಿಲೋದ ಒಳಗಿನ ವ್ಯತ್ಯಾಸ ಅದರ ಕಣ್ಣಿಗೆ ಕಾಣದು.
ಅರವತ್ತು, ಎಂಬತ್ತು, ಮತ್ತೆ ಅರವತ್ತು,
ತಡವರಿಸಿ ಅಲ್ಲೇ ನಿಂತಿತು.
ಎರ್ರಿಸ್ವಾಮಿ ಕಿಟಕಿಯಿಂದ ಕತ್ತು ಹಾಕಿ, ಪೆನ್ಸಿಲ್ ಹಿಡಿದು:
"ಖಾಲಿ ಎಷ್ಟಂತ ಬರೀಲವ್ವ?"

ಯೋಚಿಸುತ್ತ ನಿಂತೆ.
ಗೇಟಿನ ಕಡೆಯಿಂದ ಬಂದ ಲಾರಿಯವನು
ಹಾರನ್ ಹೊಡೆದ.

ಇಳಿದೆ.