ಎಷ್ಟು ಬಿಸಿ?

ಕಂಪನಿ ವಾಲ್ವು ಕೆಟ್ಟು ಎರಡು ವರ್ಷ.
ಅದರ ಜಾಗಾಕ್ಕ ಲಾಲಸಾಬ ಮಿಸ್ತ್ರಿ
ನಳದ ಅಂಗಡಿಯ ಹಿತ್ತಾಳಿ ತೋಟಿ ಕೂಡಿಸ್ಯಾನ.
ಯಾರದೋ ಬಚ್ಚಲಕ್ಕ ಹೋಗಬೇಕಾದದ್ದು
ನನ್ನ ಟೆಂಪೋದ ಎದಿಗೆ ಬಂತು.
"ಕಂಪನೀದು ತಾನ ತೆರೀತಿತ್ತು, ತಾನ ಮುಚ್ಚತಿತ್ತು, ತಂಗಿ.
ಇದಕ್ಕ ನೀ ಬೇಕು," ಅಂದ.

ಅವನ ಗೋಡಿಮ್ಯಾಲೆ ಮಳಿ ನಕ್ಷತ್ರದ ಕ್ಯಾಲೆಂಡರು.
ಮಂದಿ ಅದರಾಗ ಬಿತ್ತಿಗಿ ನೋಡತಾರ,
ಇಂವ ಪೆನ್ಸಿಲ್‌ಲೆ ತೋಟಿ ಬರದಾನ:
ರೋಹಿಣಿಗೆ ಪೂರಾ ಬಿಚ್ಚು.
ಮಿರಗ ಕೂಡಿದ ಮ್ಯಾಲೆ ಒಂದು ಬೆರಳು ಕಟ್ಟು.
ಹಸ್ತ, ಚಿತ್ತಿ: ಮುಗಲು ನೋಡಿ.
ಎಳ್ಳಮಾಸಿಗೆ ಅರ್ಧಕ್ಕೂ ಕಮ್ಮಿ.
ಶಿವರಾತ್ರಿ ದಾಟಿದರ ನನ್ನ ಕೇಳಬ್ಯಾಡ,
ನಿನ್ನ ಬೆವರು ಕೇಳು.

ಕಾಟಾ ಮೊದಲ ಸತ್ತಿತ್ತು.
ಮಿಸ್ತ್ರಿಯ ಅಂಗೈನ ಕಾಟಾ.
ಮ್ಯಾಲಿನ ಪೈಪಿಗೆ ಕೈ ಇಟ್ಟು ಕಣ್ಣು ಮುಚ್ಚತಿದ್ದ,
ತುಟಿಯೊಳಗ ಏನೋ ಎಣಸತಿದ್ದ,
ಆಮ್ಯಾಲೆ ತೋಟಿಗೆ
ಒಂದು ಜೋಳದ ಕಾಳಿನಷ್ಟ ತಿರುವು.

ಈ ಸಲ ತಿಕೋಟಾದಾಗ ದ್ರಾಕ್ಷಿ ಒಣಗೋ ಹೊತ್ತಿಗೆ ಹೋದೆ.
ಕೈ ಇಟ್ಟ. ಇಟ್ಟೇ ಇದ್ದ.
ಎಂಜಿನ್ ಕುದಿಯಾಕತ್ತೈತಿ ಅಂತ ನನ್ನ ಮೂಗಿಗೂ ಗೊತ್ತು,
ಇಂವ ಕೈ ತಗೀಲಿಲ್ಲ.
ನಾನ ಹಿಡದು ಜಗ್ಗಿದೆ.
ಅಂಗೈ ಕೆಂಪಗಾಗಿತ್ತು, ಮಾರಿ ತಣ್ಣಗಿತ್ತು.
"ಸಕ್ಕರಿ," ಅಂದ, ದೂರದ ಬೀಗರ ಹೆಸರು ಹೇಳಿದಂಗ.
"ಮೊದಲು ಕಾಲಿಗೆ ಬಂತು. ಈಗ ಇಲ್ಲಿ.
ಚಾ ಬಿಸಿ ಐತೋ ಆರೈತೋ, ಬಾಯಿಗೆ ಹೋದ ಮ್ಯಾಲ ತಿಳೀತೈತಿ.
ನೀ ಕೈ ಇಡು. ನೀ ಹೇಳು, ನಾ ತಿರಗಸತೇನಿ."

ಇಟ್ಟೆ. "ಬಿಸಿ ಐತಿ," ಅಂದೆ.
ಸಿಟ್ಟಿಗೆದ್ದ.
"ಬಿಸಿ ಅಂದರ? ಈ ಊರಾಗ ಎಲ್ಲಾನೂ ಬಿಸಿನ.
ಎಷ್ಟು ಬಿಸಿ?"

ಎಷ್ಟು.
ನಾ ಕಲತದ್ದು ಏಳನೆತ್ತೆ.
ಹಂಚಿನಷ್ಟಲ್ಲ.
ಹಂಚಿನಿಂದ ಇಳಿಸಿ ಬುಟ್ಟಿಗೆ ಹಾಕಿದ ರೊಟ್ಟಿ,
ಮ್ಯಾಲಿಂದಲ್ಲ, ನಡುವಿಂದು,
ಎರಡರ ನಡುವ ಸಿಕ್ಕು ಬೆವತದ್ದು,
ಅಷ್ಟು, ಅಂದೆ.
ಮಿಸ್ತ್ರಿ ಪಾನಾ ಕೆಳಗಿಟ್ಟ.
"ಹಾಂ. ಇದು ಲೆಕ್ಕ."
ಒಂದು ಕಾಳು ಬಿಚ್ಚಿದ. "ಈಗ?"
ಮಧ್ಯಾಹ್ನ ನಿಂತ ಬಸ್ಸಿನ ಕಿಡಕಿ ಸಳಿ.
ಇನ್ನೊಂದು ಕಾಳು. "ಈಗ?"
ಜ್ವರ ಬಿಟ್ಟು, ಇನ್ನೂ ಮಲಗಿದವರ
ಕುತಗಿ ಹಿಂದ.
"ಯಾರದು?" ಅಂದ.
ನಾ ಹೇಳಲಿಲ್ಲ. ಅಂವ ಮತ್ತ ಕೇಳಲಿಲ್ಲ,
ಅಲ್ಲೇ ಒಂದು ಗೀರು ಎಳದ, ಮೊಳಿಲೆ.

ಆರಿದ್ರಾ ಮಳಿಯಾಗ ಒಣದ್ರಾಕ್ಷಿ ಬಾಕ್ಸು ಹೇರಿ ಬೆಳಗಾವಿಗೆ ಹೊಂಟೆ.
ಬಬಲೇಶ್ವರದಾಗ ಧೂಳು,
ಜಮಖಂಡಿಗಿಂತ ಮೊದಲ ಹೊಳಿ ಸೇತುವಿಮ್ಯಾಲೆ ಗಾಳಿ,
ಯರಗಟ್ಟಿಗೆ ಮೋಡ,
ಸಾಂಬ್ರಾ ಬರೂದರಾಗ ಕಾಜಿನ ಮ್ಯಾಲೆ
ಒರೆಸಿದರೂ ಹೋಗದ ಜಿಟಿಜಿಟಿ.
ಒಂದ ದಿನದಾಗ ಎರಡು ಹವಾ,
ತೋಟಿ ಒಂದು.
ಎಂಜಿನ್ನು ಥಂಡಿ ಹಿಡದು ಬಿಳಿ ಹೊಗಿ ಉಗುಳಿತು,
ಏರಿಗೆ ಬಂದರ ಉಸಿರು ಕಟ್ಟಿತು.
ಬಾನೆಟ್ ಎತ್ತಿ ಫೋನ್ ಹಚ್ಚಿದೆ.

"ಎಷ್ಟು?" ಅಂದ. ಸಲಾಮಿಲ್ಲ, ಕ್ಷೇಮಿಲ್ಲ.
ಹುಡುಕಿದೆ. ಹಾಲಿನ ಗಿಂಡಿ ಅಲ್ಲ,
ಬಿಸಲಿಗೆ ಬಿದ್ದ ಕಲ್ಲೂ ಅಲ್ಲ;
ಇಲ್ಲಿ ಬಿಸಲ ಇಲ್ಲ.
"ಈ ಫೋನಿನಷ್ಟು," ಅಂದೆ,
"ಭಾಳ ಹೊತ್ತು ಮಾತಾಡಿದ ಮ್ಯಾಲೆ
ಕಿವಿಗೆ ಹತ್ತತೈತೆಲ್ಲ, ಅಷ್ಟು."
ಸ್ವಲ್ಪ ಸುಮ್ಮನಾದ.
"ಎರಡು ಕಾಳು ಕಟ್ಟು. ಫೋನ್ ಇಡಬ್ಯಾಡ."

ಕಟ್ಟಿದೆ. ಆ ಕಡೆ ಅವನ ಅಂಗಡಿ ಕಂಪ್ರೆಸರು,
ಯಾವನೋ ಪಂಚರ್‌ನವ ಬೈಯೂದು.
ಈ ಕಡೆ ತಗಡಿನ ಮ್ಯಾಲೆ ಮಳಿ.
ಪೈಪಿನ ಮ್ಯಾಲೆ ನನ್ನ ಕೈ.

"ಈಗ?"

ತಡಿ, ಮಿಸ್ತ್ರಿ.
ಬರಾಕತ್ತೈತಿ.